ಹಗ್ಗದ ಬಲಗಡೆ

ನಾಲ್ಕನೆಯ ಸಲವೂ ಚೆಂಡು ದೇವಿಕಾಳ ಕೈಯಲ್ಲೇ ನಿಂತುಹೋಯಿತು. ಒಮ್ಮೆ ಪುಟಿಸುವುದನ್ನು ಬಿಟ್ಟು ಎರಡೂ ಕೈಯಲ್ಲಿ ಹಿಡಿದ ಮೇಲೆ ಮತ್ತೆ ಪುಟಿಸುವಂತಿಲ್ಲ. ಬುಟ್ಟಿಗೆ ಎಸೆಯಬೇಕು, ಇಲ್ಲವೇ ಜೊತೆಯವರಿಗೆ ದಾಟಿಸಬೇಕು. ದಾಟಿಸಲು ಯಾರೂ ಇರಲಿಲ್ಲ. ಎದುರಿಗೆ ಶಿವಾನಿ ಮೇಡಂ ಒಬ್ಬರೇ. ನಲವತ್ತು ದಾಟಿದ ಹೆಂಗಸು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದರು. ಓಡುತ್ತಲೂ ಇರಲಿಲ್ಲ, ಜಿಗಿಯುತ್ತಲೂ ಇರಲಿಲ್ಲ. ದೇವಿಕಾಳ ಎಡಕ್ಕೆ ಅರ್ಧ ಹೆಜ್ಜೆ ಸರಿದು ನಿಂತುಬಿಡುತ್ತಿದ್ದರು, ಅಷ್ಟೇ. ಬಲಗಡೆ ಎತ್ತಿನ ಗಾಡಿ ಹೋಗುವಷ್ಟು ಜಾಗ ಖಾಲಿ ಬಿದ್ದಿತ್ತು. ಅತ್ತ ಅವಳ ಕಾಲೇ ಏಳುತ್ತಿರಲಿಲ್ಲ.

"ಇನ್ನೊಂದ್ಸಲ ಬಾ," ಎಂದರು ಶಿವಾನಿ.

ಐದನೆಯ ಸಲವೂ ಅದೇ ಆಯಿತು.

ಯಾದಗಿರಿಯ ಕ್ರೀಡಾಂಗಣದ ಕಟ್ಟೆಯ ಮೇಲೆ ಕೂತಿದ್ದ ನುಜ್ಹತ ಕಣ್ಣು ಬೇರೆ ಕಡೆ ತಿರುಗಿಸಿದಳು. ಶಹಾಪುರದ ಡಿಗ್ರಿ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಎರಡೂವರೆ ವರ್ಷದಿಂದ ದೇವಿಕಾಳ ಜೊತೆ ಆಡಿದವಳು ಅವಳು. ಎಂಥೆಂಥ ಊರಿನ ತಂಡಗಳನ್ನು ಸೀಳಿಕೊಂಡು ಹೋಗಿ ಬುಟ್ಟಿ ತುಂಬಿದ ದೇವಿಕಾ ಹೀಗೆ ಗೂಟಕ್ಕೆ ಕಟ್ಟಿದಂತೆ ನಿಂತದ್ದನ್ನು ಅವಳು ಕಂಡಿರಲಿಲ್ಲ. ಪಕ್ಕದಲ್ಲಿದ್ದ ದೈಹಿಕ ಶಿಕ್ಷಣದ ಖಾಜಾಹುಸೇನ ಮಾಸ್ತರರು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದರು. ವಿಶ್ವವಿದ್ಯಾಲಯದ ಪಂದ್ಯದಲ್ಲಿ ದೇವಿಕಾ ಆಡಿದ್ದನ್ನು ಫೋನಿನಲ್ಲಿ ಹಿಡಿದು ಹೈದರಾಬಾದಿಗೆ ಕಳಿಸಿದವರು ಅವರೇ. ಅಲ್ಲಿ ಹೆಂಗಸರ ಹೊಸ ಲೀಗಿಗೆ ಒಂದು ಕ್ಲಬ್ಬು ತಂಡ ಕಟ್ಟುತ್ತಿತ್ತು. ಆ ಕ್ಲಬ್ಬಿನ ಕೋಚು ಶಿವಾನಿ. ವಿಡಿಯೊ ನೋಡಿ, ರೈಲು ಹತ್ತಿ, ಇವಳೊಬ್ಬಳಿಗಾಗಿ ಯಾದಗಿರಿಗೆ ಬಂದಿಳಿದಿದ್ದರು.

ಶಿವಾನಿ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡರು. ಅವರದು ಬೆಂಗಳೂರು ಕಡೆಯ ಕನ್ನಡ.

"ಊಟ ಯಾವ ಕೈಯಲ್ಲಿ ಮಾಡ್ತೀಯ?"

"ಬಲಗೈಲೇರಿ."

"ಬರೆಯೋದು?"

"ಅದೂ ಬಲಗೈರಿ."

"ಮತ್ತೆ ಆಟದಲ್ಲಿ ಮಾತ್ರ ಬಲಕ್ಕೆ ಯಾಕೆ ಹೋಗಲ್ಲ?"

ದೇವಿಕಾ ಬಲಗಡೆ ನೋಡಿದಳು, ಅಲ್ಲಿ ಯಾರೋ ನಿಂತು ಉತ್ತರ ಹೇಳಿಕೊಡುತ್ತಾರೆ ಎಂಬಂತೆ. "ಗೊತ್ತಿಲ್ರಿ," ಎಂದಳು. ನಿಜವಾಗಿಯೂ ಅವಳಿಗೆ ಗೊತ್ತಿರಲಿಲ್ಲ. ತಾನು ಬಲಕ್ಕೆ ಹೋಗುವುದಿಲ್ಲ ಎಂಬುದೇ ಈ ಹೊತ್ತಿನವರೆಗೆ ಗೊತ್ತಿರಲಿಲ್ಲ.

ಕಟ್ಟೆಯ ಮೇಲಿಂದ ಖಾಜಾಹುಸೇನ ಮಾಸ್ತರರು ಕೆಮ್ಮಿದರು. "ಮೇಡಂ, ಬಲಕ್ಕ ಭತ್ತ ಇರ್ತದ್ರಿ."

"ಏನಿರುತ್ತೆ?"

"ಭತ್ತರಿ. ಒಣಾ ಹಾಕಿರ್ತಾರ."

ಹೇಳಿದ ಮೇಲೆ ಅವರಿಗೇ ಅದು ಹೊಳೆದಂತೆ ಕಂಡಿತು. ದಾರ ಸುತ್ತುವುದನ್ನು ನಿಲ್ಲಿಸಿದರು.

ಶಹಾಪುರದ ಕಾಲೇಜಿನ ಹಿಂದೆ ಇರುವುದು ಒಂದೇ ಸಿಮೆಂಟಿನ ಅಂಗಳ. ಎರಡು ಕಂಬಗಳಲ್ಲಿ ಒಂದರ ರಿಂಗು ಎಂದೋ ಮುರಿದುಬಿದ್ದು, ಉತ್ತರದ ತುದಿಯ ಬುಟ್ಟಿಯೊಂದೇ ಉಳಿದಿದೆ. ಅದಕ್ಕೆ ಮುಖ ಮಾಡಿ ನಿಂತರೆ ಎಡಕ್ಕೆ ಕಾಲೇಜಿನ ಎರಡಂತಸ್ತಿನ ಕಟ್ಟಡ. ಮಧ್ಯಾಹ್ನ ಎರಡಾಯಿತೆಂದರೆ ಕಟ್ಟಡದ ನೆರಳು ಅಂಗಳದ ಎಡ ಅರ್ಧದ ಮೇಲೆ ಉದ್ದಕ್ಕೂ ಮಲಗುತ್ತದೆ. ಬಲ ಅರ್ಧಕ್ಕೆ ಸಂಜೆವರೆಗೂ ಬಿಸಿಲು. ಕಾಲುವೆ ನೀರಿನ ಸೀಮೆ, ವರ್ಷಕ್ಕೆ ಎರಡು ಬೆಳೆ. ಮಷಿನ್ನು ಕೊಯ್ದ ಭತ್ತ ಹಸಿಯಾಗಿರುತ್ತದೆ, ಹಸಿ ಭತ್ತವನ್ನು ಮಿಲ್ಲಿನವರು ಮುಟ್ಟುವುದಿಲ್ಲ. ಹೀಗಾಗಿ ಸುತ್ತಲಿನವರಿಗೆ ಸಿಮೆಂಟು ಕಂಡಲ್ಲೆಲ್ಲ ಕಣ. ಹುಡುಗಿಯರ ತಂಡ ಹುಟ್ಟುವ ಮೊದಲು ಇಡೀ ಅಂಗಳ ಭತ್ತದ್ದೇ ಆಗಿತ್ತು. ದೇವಿಕಾ ಕಾಲೇಜು ಸೇರಿದ ವರ್ಷ, ಅದೇ ಕಾಲೇಜಿನಲ್ಲಿ ಜವಾನನಾಗಿರುವ ಅವಳ ಅಪ್ಪ ಹುಲಗಪ್ಪ ರೈತರೊಂದಿಗೆ ಮೂರು ದಿನ ಕೂತು ಮಾತಾಡಿ, ಅರ್ಧ ಬಿಡಿಸಿಕೊಂಡಿದ್ದ. ಈ ಕಂಬದ ಬುಡದಿಂದ ಆ ಕಂಬದ ಬುಡಕ್ಕೆ ಉದ್ದಕ್ಕೆ ಹಗ್ಗ ಹಾಸಿದ್ದ. ಹಗ್ಗದ ಎಡಕ್ಕೆ ಚೆಂಡು, ಬಲಕ್ಕೆ ಭತ್ತ. ದೀಪಾವಳಿ ಕಳೆದ ಮೇಲೆ ಒಮ್ಮೆ, ಯುಗಾದಿ ಕಳೆದ ಮೇಲೆ ಇನ್ನೊಮ್ಮೆ. ಅಭ್ಯಾಸದ ದಿನಗಳೂ ಅವೇ. ಭತ್ತ ಇಲ್ಲದ ತಿಂಗಳುಗಳಲ್ಲೂ ಹುಡುಗಿಯರು ಹಗ್ಗದ ಎಡಕ್ಕೇ ಆಡುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ, ಯಾರೂ ಅದನ್ನು ಗಮನಿಸಿಯೂ ಇರಲಿಲ್ಲ.

ಶಿವಾನಿ ನಗಲಿಲ್ಲ. ಕಟ್ಟೆಯ ಮೇಲೆ ಬಂದು ಕೂತು ಮೊಣಕಾಲಿನ ಪಟ್ಟಿ ಬಿಚ್ಚಿದರು.

"ಎಡಕ್ಕೆ ನುಗ್ಗಿ ಹಾಕೋ ನಿನ್ನ ಎಡಗೈ ನಮ್ಮಲ್ಲಿ ಯಾರಿಗೂ ಇಲ್ಲ. ಅದಕ್ಕೇ ಬಂದೆ, ಕಾಗದನೂ ತಂದಿದ್ದೀನಿ. ಎರಡು ವರ್ಷ. ಸಂಬಳ, ಊಟ, ಕೋಣೆ. ಮುಂದಿನ ವಾರವೇ ಬರಬೇಕು, ಕಾಲೇಜು ಬಿಡಬೇಕು. ಬಿಟ್ಟಮೇಲೆ ಯೂನಿವರ್ಸಿಟಿ ಟೀಮೂ ಇಲ್ಲ. ಶನಿವಾರ ಸಂಜೆ ಒಳಗೆ ಹೇಳು."

"ಆಡಸ್ತೀರೇನ್ರಿ ನನ್ನ?"

"ಸುಳ್ಳು ಹೇಳಲ್ಲ. ಬೆಂಚಲ್ಲಿ ಕೂರ್ತೀಯ. ಇವತ್ತು ನಾನು ಮಾಡಿದ್ದನ್ನ ಅಲ್ಲಿ ಐದನೇ ನಿಮಿಷಕ್ಕೆ ಯಾರಾದರೂ ಮಾಡ್ತಾರೆ."

"ಬಲಗಡಿದು ಕಲಸ್ತೀರೇನ್ರಿ ಮತ್ತ?"

"ಕಲಿಸೋಕೆ ಪುರುಸೊತ್ತಿರಲ್ಲಮ್ಮ ಅಲ್ಲಿ. ವಾರಕ್ಕೆರಡು ಮ್ಯಾಚು, ಉಳಿದ ದಿನ ಪ್ರಯಾಣ. ಬಂದವರು ಏನು ತಂದಿರ್ತಾರೋ ಅದನ್ನೇ ಖರ್ಚು ಮಾಡ್ತಾರೆ."

"ಮುಂದಿನ ವರ್ಷ ಬಂದ್ರ?"

"ಮುಂದಿನ ವರ್ಷ ನಾನೇ ಇರ್ತೀನೋ ಇಲ್ವೋ." ಶಿವಾನಿ ಪಟ್ಟಿಯನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿದರು. "ತೆರೆದ ಬಾಗಿಲು ತೆರೆದಾಗಲೇ ದಾಟಬೇಕು ಅಂತಾರೆ ಎಲ್ಲರೂ. ನಾನೂ ನಿನ್ನ ವಯಸ್ಸಲ್ಲಿ ದಾಟಿದ್ದೆ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ."

ಶಹಾಪುರದ ಬಸ್ಸಿನಲ್ಲಿ ಮಾಸ್ತರರು ಮುಂದೆ ಡ್ರೈವರನ ಹಿಂದಿನ ಸೀಟಿನಲ್ಲಿ ಕೂತರು. ಹುಡುಗಿಯರ ಕಡೆ ತಿರುಗಿ ನೋಡಲಿಲ್ಲ. ಭೀಮಾ ನದಿಯ ಸೇತುವೆ ದಾಟುವವರೆಗೆ ನುಜ್ಹತ ಕಡಲೆ ಬಿಡಿಸಿ ತಿನ್ನುತ್ತಿದ್ದಳು. ಆಮೇಲೆ ಅರ್ಧ ಪೊಟ್ಟಣವನ್ನು ದೇವಿಕಾಳ ಮಡಿಲಿಗೆ ಹಾಕಿದಳು.

"ಹೋಗು," ಎಂದಳು.

"ನಾ ಹೋದ್ರ ಐದು ಮಂದಿ ಉಳೀತೀರಿ."

"ಆಟಕ್ಕ ಐದೇ ಮಂದಿ ಬೇಕು. ಒಬ್ಬಾಕಿ ಕಾಲು ಉಳುಕಿದ್ರ ಮಾಸ್ತರಿಗೆ ಚೂಡಿದಾರ ಹಾಕಿ ನಿಲ್ಲಿಸ್ತೀವಿ." ನಗಲಿಲ್ಲ ಅವಳು. "ನೋಡು, ಒಂದು ಕೈಗೇ ಸಂಬಳ ಕೊಡ್ತಾರಂತ. ನನಗ ಎರಡೂ ಕೈ ಅದಾವ, ಯಾರೂ ಕೇಳಿಲ್ಲ. ನಿನ್ನ ಜಾಗದಾಗ ನಾ ಇದ್ದಿದ್ರ ಈಗ ಹೈದರಾಬಾದ್ ಗಾಡಿದಾಗ ಕುಂತಿರ್ತಿದ್ದೆ."

"ಐದು ಸಲ ನುಜ್ಹತ. ಐದು ಸಲಾನೂ ನಿಂತೆ."

"ನಿಂತಿ ಖರೆ. ಅದಕ್ಕೇನೀಗ?"

ದೇವಿಕಾ ಒಂದು ಕಡಲೆಯನ್ನು ಬಲಗೈಯಲ್ಲಿ ಹಿಡಿದು, ಮೇಲಕ್ಕೆ ಎಸೆದು, ಅದೇ ಕೈಯಲ್ಲಿ ಹಿಡಿಯಲು ನೋಡಿದಳು. ಬಸ್ಸು ಕುಲುಕಿ, ಕಡಲೆ ಮುಂದಿನ ಸೀಟಿನವನ ತಲೆಯ ರುಮಾಲಿನ ಮೇಲೆ ಬಿತ್ತು. ಅವನಿಗೆ ತಿಳಿಯಲಿಲ್ಲ. ಇಬ್ಬರೂ ದೋರನಹಳ್ಳಿಯವರೆಗೆ ಬಾಯಿ ಮುಚ್ಚಿಕೊಂಡು ನಕ್ಕರು.

ಮನೆಯಲ್ಲಿ ಹುಲಗಪ್ಪನಿಗೆ ಆಗಲೇ ಸುದ್ದಿ ಮುಟ್ಟಿತ್ತು. ಮಾಸ್ತರರು ಫೋನು ಮಾಡಿದ್ದರು. ಕಾಲೇಜಿನ ಖಾಕಿ ಅಂಗಿಯನ್ನು ಇನ್ನೂ ಬಿಚ್ಚದೆ ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಅವ್ವ ದುರಗಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಸಹಿ ಮಾಡಿ ಬಂದೇನು?"

"ಇಲ್ಲಪ. ಶನಿವಾರತನಕ ವ್ಯಾಳ್ಯಾ ಅದ. ಬೆಂಚಿನ ಮ್ಯಾಲ ಕುಂದರಿಸ್ತಾರಂತ."

"ಕುಂದರಿಸಿ ಪಗಾರ ಕೊಡ್ತೀನಂದ್ರ ಕುಂದರಬೇಕು. ನಾ ಇಪ್ಪತ್ತು ವರ್ಷ ಪ್ರಿನ್ಸಿಪಾಲರ ಬಾಗಲದಾಗ ಸ್ಟೂಲಿನ ಮ್ಯಾಲ ಕುಂತೀನಿ. ನನಗೇನಾಗ್ಯದ?"

ರೊಟ್ಟಿಯ ಸದ್ದು ನಿಂತಿತು. "ಏನೂ ಆಗಿಲ್ಲ, ಅದಕ್ಕ ಕೇಳಾಕತ್ಯಾಳ ಆಕಿ," ಎಂದಳು ದುರಗಮ್ಮ ಒಳಗಿನಿಂದ. ಮತ್ತೆ ಬಡಿಯತೊಡಗಿದಳು.

ಹುಲಗಪ್ಪ ಬೀಡಿ ಹುಡುಕಿದ, ಸಿಗಲಿಲ್ಲ. "ಖಾಜಾ ಸರ್ ಹೇಳಿದ್ರು. ಭತ್ತದ್ದು." ಜೇಬು ಮತ್ತೊಮ್ಮೆ ತಡಕಿದ: "ಆ ಅರ್ಧ ಬಿಡಿಸೋದಕ್ಕ ಯಾರ್ಯಾರ ಮನಿಗೆ ಹೋಗೀನಿ, ಏನೇನು ಅನಿಸ್ಕೊಂಡೀನಿ, ನಿನಗ ಗೊತ್ತಿಲ್ಲ. ಜವಾನ ಅದೀ, ಅಂಗಳ ನಿಮ್ಮಪ್ಪಂದೇನು ಅಂದ್ರು. ಹಗ್ಗ ನಾ ಹಾಕಿದ್ದು ಬಲಕ್ಕ ಹೋಗಬ್ಯಾಡ ಅಂತಲ್ಲವ್ವ."

"ನಿನ್ನ ತಪ್ಪು ಅಂತ ಯಾರಂದ್ರಪ? ನೀ ಅರ್ಧ ಕೊಡಸಲಿಲ್ಲಂದ್ರ ನನಗ ಎಡಗೈನೂ ಇರ್ತಿರಲಿಲ್ಲ."

"ಮತ್ತ ಹೋಗು."

ದೇವಿಕಾ ಅಪ್ಪನ ಪಕ್ಕದಲ್ಲಿ, ಹೊಸ್ತಿಲ ಕೆಳಗಿನ ಮೆಟ್ಟಿಲ ಮೇಲೆ ಕೂತಳು. ಬಸ್ಸಿನಲ್ಲಿ ಅರ್ಧ ಮಾತ್ರ ಹೊಳೆದಿದ್ದ ಮಾತು ಈಗ ಪೂರ್ತಿಯಾಗಿ ಬಾಯಿಗೆ ಬಂತು.

"ಒಂದು ಕೈ ತಗೊಂಡು ಹೋದ್ರ ಎರಡು ವರ್ಷಕ್ಕ ಅದೇ ಒಂದು ಕೈ ತಗೊಂಡು ಬರ್ತೀನಿ. ಅಲ್ಲಿ ಕಲಸಂಗಿಲ್ಲ ಅಂತ ಆಕೀನ ಹೇಳ್ಯಾಳ. ಆಮ್ಯಾಲ ಕಾಲೇಜೂ ಇಲ್ಲ, ಆಟಾನೂ ಇಲ್ಲ. ಬಲಗಡಿದು ಇಲ್ಲೇ ಕಳಕೊಂಡೀನಿ, ಇಲ್ಲೇ ತಗೋಬೇಕು."

"ಆಮ್ಯಾಲ ಅವರು ಕರೀಲಿಲ್ಲಂದ್ರ?"

ದುರಗಮ್ಮ ಎರಡು ತಾಟು ತಂದು ಇಬ್ಬರ ಮುಂದೆಯೂ ಇಟ್ಟಳು.

ಶುಕ್ರವಾರ ಬೆಳಿಗ್ಗೆ ಅಂಗಳದ ಬಲ ಅರ್ಧದಲ್ಲಿ ಮೋನಮ್ಮ ಭತ್ತದೊಳಗೆ ಕಾಲು ಎಳೆಯುತ್ತ ಸಾಲು ಹೊಡೆಯುತ್ತಿದ್ದಳು. ಕಾಲುವೆ ಪಕ್ಕದ ಮೂರೆಕರೆಯವಳು. ಪ್ರತಿ ಸುಗ್ಗಿಯ ಮೊದಲ ಸರದಿ ಅವಳದೇ. ಚೆಂಡು ಭತ್ತಕ್ಕೆ ಬಿದ್ದಾಗಲೆಲ್ಲ ಹುಡುಗಿಯರ ಮನೆತನವನ್ನು ಮೂರು ತಲೆಮಾರು ಹಿಂದಕ್ಕೆ ಹೋಗಿ ವಿಚಾರಿಸುತ್ತಿದ್ದವಳು. ದೇವಿಕಾ ಚಪ್ಪಲಿ ಹಗ್ಗದ ಹತ್ತಿರ ಬಿಟ್ಟು ಅವಳ ಎದುರು ಹೋಗಿ ನಿಂತಳು.

"ಅತ್ತಿ, ಈ ಸಲ ಭತ್ತ ಎಡಕ್ಕ ಹಾಕ್ರಿ. ನಮಗ ಬಲಗಡಿ ಬೇಕಾಗ್ಯದ."

ಮೋನಮ್ಮ ಕಾಲು ನಿಲ್ಲಿಸಲಿಲ್ಲ. "ಯಾಕ? ಎಡಗಡಿ ಸವದದೇನು?"

"ನನಗ ಬಲಕ್ಕ ಹೋಗಾಕ ಬರವಲ್ದು. ಕಲೀಬೇಕು."

"ಎಡಕ್ಕ ಹೋದ್ರೇನು, ಬಲಕ್ಕ ಹೋದ್ರೇನು, ಬುಟ್ಟಿ ಒಂದೇ ಅದಲ್ಲ."

"ಅಡ್ಡ ನಿಲ್ಲೋರು ಎಡಕ್ಕ ನಿಂತುಬಿಡ್ತಾರತ್ತಿ."

ಈಗ ಮೋನಮ್ಮ ನಿಂತಳು. ಸೊಂಟದ ಚೀಲದಿಂದ ಎಲೆ ತೆಗೆದು ಸುಣ್ಣ ಹಚ್ಚುತ್ತ, ಹುಡುಗಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. "ನಿಲ್ಲತಾರ, ನಿಲ್ಲತಾರ. ನನ್ನ ಗಂಡನ ಅಣ್ತಮ್ಮಂದಿರು ಹಂಗಽ ನಿಂತಿದ್ರು, ಹೊಲಕ್ಕ ಹೋಗೋ ದಾರಿಗೆ." ಎಲೆ ಬಾಯಿಗಿಟ್ಟಳು. "ಆದ್ರ ಎಡಗಡಿ ಎರಡು ಗಂಟಿಗೇ ನೆರಳು ಬೀಳ್ತದವ್ವ. ಮೂರು ದಿನದಾಗ ಒಣಗೋದು ಐದು ದಿನ ಆಗ್ತದ. ಮೋಡ ಬ್ಯಾರೆ ಅದ. ಹಸಿ ಅದ ಅಂತ ಮಿಲ್ಲಿನಾಂವ ಚೀಲ ಹೊಳ್ಳಿ ಕಳಿಸಿದ್ರ ನೀ ಹೊತಗೊಂಡು ಬರ್ತೀಯೇನು?"

ದೇವಿಕಾ ಇದನ್ನು ಬೆಳಗಿನಿಂದ ಲೆಕ್ಕ ಹಾಕಿಕೊಂಡೇ ಬಂದಿದ್ದಳು. ಬೆಳಿಗ್ಗೆ ಒಂಬತ್ತರವರೆಗೆ ಆಟ. ಅಷ್ಟು ಹೊತ್ತೂ ಭತ್ತ ಎಡಗಡೆ. ಎರಡು ಗಂಟೆಗೆ ನೆರಳು ಬಿದ್ದ ಕೂಡಲೇ ಹುಡುಗಿಯರು ಭತ್ತವನ್ನೆಲ್ಲ ಹಿಡಿಕೆ ಹಾಕಿದ ಮರದ ಹಲಿಗೆಯಿಂದ ಎಳೆದು ಬಲಗಡೆಯ ಬಿಸಿಲಿಗೆ ಹರವುತ್ತಾರೆ. ಸೂರ್ಯ ಇಳಿದ ಮೇಲೆ ಮತ್ತೆ ಎಡಕ್ಕೆ ಎಳೆದು, ರಾಶಿ ಮಾಡಿ, ತಾಡಪತ್ರಿ ಹೊದಿಸಿ, ಬಲಗಡೆ ಗುಡಿಸುತ್ತಾರೆ. ದಿನಾ.

"ಯಾರು, ನೀವು?" ಮೋನಮ್ಮ ಪಕ್ಕಕ್ಕೆ ಉಗುಳಿದಳು. "ಕಾಲೇಜು ಓದೋ ಹುಡುಗ್ಯಾರು? ನಲವತ್ತು ಚೀಲ ಅದ."

"ಆರು ಮಂದಿ ಅದೀವಿ."

"ನನ್ನ ಹಿಂದ ಮರಿಲಿಂಗನ ಭತ್ತ ಬರ್ತದ. ಅವನ ಹಿಂದ ಇನ್ನೊಬ್ಬಂದು. ಅವರಿಗೇನಂತಿ?"

"ಅವರಿಗೂ ಇದೇ ಮಾತು. ಯುಗಾದಿ ಬೆಳಿಗೂ ಇದೇ ಮಾತು."

"ಒಂದಿನ ತಪ್ಪಿದ್ರ?"

"ತಪ್ಪಿದ ದಿನ ಹಗ್ಗ ತಗದು ಇಡೀ ಅಂಗಳ ನೀವು ತಗೋರಿ."

ಮೋನಮ್ಮ ಕಟ್ಟಡದ ಕಡೆ, ಆಕಾಶದ ಕಡೆ, ಕಡೆಗೆ ದೇವಿಕಾಳ ಅಂಗೈ ಕಡೆ ನೋಡಿದಳು. "ನಿಮ್ಮಪ್ಪನಕಿಂತ ಗಟ್ಟಿ ಅದೀ," ಎಂದಳು. "ಅವ ಮೂರು ದಿನ ಕುಂತಿದ್ದ."

ಉಳಿದ ನಾಲ್ವರು ಹುಡುಗಿಯರನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಅಂಜನಾ ತನಗೆ ಭತ್ತದ ಧೂಳು ಆಗುವುದಿಲ್ಲ, ಮೈಯೆಲ್ಲ ದದ್ದು ಏಳುತ್ತದೆ ಎಂದಳು. ಇನ್ನೊಬ್ಬಳು, ನೀನು ಕಲಿತು ಹೈದರಾಬಾದಿಗೆ ಹೋಗುತ್ತೀ, ನಾವು ಯಾಕೆ ಹಲಿಗೆ ಎಳೆಯಬೇಕು ಎಂದು ನೇರವಾಗಿಯೇ ಕೇಳಿದಳು. ದೇವಿಕಾ ಏನೋ ಹೇಳಹೋದಳು, ನುಜ್ಹತ ತಡೆದಳು.

"ನಿನ್ನ ಬಲಗಡಿ ಯಾವಾಗರ ನೋಡೀಯೇನು ನೀ?" ಎಂದಳು ಆ ಹುಡುಗಿಗೆ. "ಬಾ, ಎಡಕ್ಕ ನಾ ನಿಂದರ್ತೀನಿ. ಬಲಕ್ಕ ಹೋಗಿ ತೋರಸು."

ಆ ಹುಡುಗಿ ಹೋಗಲಾರದೆ ನಿಂತಳು. ಅಂಜನಾಳೂ ನಿಂತಳು. ಆರೂ ಜನರ ಆಟ ಹಗ್ಗದ ಒಂದೇ ಕಡೆ ಬೆಳೆದದ್ದು. ಮಾತು ಪರೀಕ್ಷಿಸಲು ಮೋನಮ್ಮ ಅಂದೇ ಭತ್ತವನ್ನು ಎಡಕ್ಕೆ ಹರವಿಸಿದ್ದಳು; ಮಧ್ಯಾಹ್ನ ಎರಡು ಗಂಟೆಗೆ ಅದನ್ನು ಬಲಕ್ಕೆ ಎಳೆಯಲು ಐದು ಹಲಿಗೆಗಳು ಸಾಲಾಗಿ ಎದ್ದವು. ಅಂಜನಾ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಪೊರಕೆ ಹಿಡಿದಳು. ಮೊದಲ ಅರ್ಧ ಗಂಟೆಗೇ ಅಂಗೈಯಲ್ಲಿ ಗುಳ್ಳೆ ಎದ್ದಿತು, ಕುತ್ತಿಗೆಗೆ ನವೆ ಹತ್ತಿತು. ಮೋನಮ್ಮ ಬೇವಿನ ಮರದ ಕೆಳಗೆ ಕೂತು, "ತೆಳ್ಳಗ ಹರವ್ರಿ, ರೊಟ್ಟಿ ಹಿಟ್ಟಲ್ಲ ಅದು," ಎಂದು ಕೂಗುತ್ತಿದ್ದಳು. ಯಾರೋ ಪಕ್ಕದಲ್ಲಿ ಹಲಿಗೆ ಎಳೆಯುವುದು ಕಂಡು ದೇವಿಕಾ ತಿರುಗಿದಳು. ಅಪ್ಪ. ಖಾಕಿ ಅಂಗಿ ಬಿಚ್ಚಿ ಬನಿಯನ್ನಿನಲ್ಲಿದ್ದ. ಮಗಳ ಮುಖ ನೋಡದೆ ಕೊನೆಯ ಸಾಲಿನವರೆಗೆ ಎಳೆದು, ಅಂಗಿ ಹಾಕಿಕೊಂಡು, ಗಂಟೆ ಹೊಡೆಯಲು ಹೋದ.

ಶನಿವಾರ ಬೆಳಕು ಹರಿಯುವ ಮೊದಲೇ ದೇವಿಕಾ, ನುಜ್ಹತ ಇಬ್ಬರೂ ಅಂಗಳದಲ್ಲಿದ್ದರು. ಬಲ ಅರ್ಧ ಬರಿದಾಗಿ ತಣ್ಣಗೆ ಬಿದ್ದಿತ್ತು. ನುಜ್ಹತ ಎಡಕ್ಕೆ ಅರ್ಧ ಹೆಜ್ಜೆ ಸರಿದು, ಶಿವಾನಿ ಮೇಡಂ ನಿಂತಂತೆಯೇ ನಿಂತಳು. ದೇವಿಕಾ ಬಲಕ್ಕೆ ಹೋದಳು.

ಚೆಂಡು ಅವಳ ಕಾಲಿಗೆ ಬಡಿದು ಹೊರಗೆ ಉರುಳಿತು.

ಮತ್ತೆ ಹೋದಳು. ಹೆಜ್ಜೆ ತಪ್ಪಿತು, ಎಡಗಾಲು ಬರಬೇಕಾದಲ್ಲಿ ಬಲಗಾಲು ಬಂತು, ಚೆಂಡು ರಿಂಗಿನ ಅಡಿಗೆ ಬಡಿದು ಅವಳ ಹಣೆಗೇ ವಾಪಸು ಬಂತು. ಮೂರನೆಯ ಸಲ ಬಲಗೈಯನ್ನು ಮರೆತು ಎಡಗೈಯಿಂದ ಎಸೆದಳು. ಅನ್ನ ಕಲಸುವ ಕೈ, ಅಕ್ಷರ ಬರೆಯುವ ಕೈ, ಇಲ್ಲಿ ಬೇರೆ ಯಾರದೋ ಕೈಯಂತೆ ಜೋತುಬಿದ್ದಿತ್ತು. ಇಪ್ಪತ್ತು ಸಲ ಹೋದಳು. ಒಂದು ಸಲವೂ ಬುಟ್ಟಿಗೆ ಬೀಳಲಿಲ್ಲ. ಇಪ್ಪತ್ತೊಂದನೆಯ ಸಲ ಹೊಟ್ಟಿನ ಮೇಲೆ ಜಾರಿ ಮೊಣಕೈ ಕೆತ್ತಿಕೊಂಡಳು.

"ಯಾ ಅಲ್ಲಾ," ಎಂದಳು ನುಜ್ಹತ ಮೆಲ್ಲಗೆ. "ಆರನೇ ಕ್ಲಾಸಿನ ಪೋರಿ ಇದಕಿಂತ ಚಂದ ಆಡ್ತಾಳ. ಇನ್ನೂ ಹೊತ್ತದ ನೋಡು, ಸಂಜಿತನಕ."

ದೇವಿಕಾ ಮೊಣಕೈಯ ಮಣ್ಣು ಒರೆಸಿಕೊಂಡು, ಕಟ್ಟೆಯ ಮೇಲಿದ್ದ ಫೋನು ತೆಗೆದುಕೊಂಡಳು. ಏಳೂವರೆ. ಅತ್ತ ಕಡೆ ಗಂಟೆ ಬಹಳ ಹೊತ್ತು ಬಡಿದುಕೊಂಡಿತು.

"ಹೇಳಮ್ಮ."

"ಮೇಡಂ, ನಾ ದೇವಿಕಾರಿ, ಶಹಾಪುರದಾಕಿ. ಈ ವರ್ಷ ಬರಂಗಿಲ್ರಿ."

"ಮನೇಲಿ ಬೇಡ ಅಂದ್ರಾ?"

"ಇಲ್ರಿ, ಮನ್ಯಾಗ ಹೋಗಂದ್ರು. ನಾನಽ ಬ್ಯಾಡಂದೆ. ಬಲಗಡಿ ಕಲಿಯಾಕತ್ತೀನ್ರಿ."

"ಹೆಂಗಿದೆ?"

"ಭಾಳ ಕೆಟ್ಟ ಅದರಿ."

ಶಿವಾನಿ ನಕ್ಕಂತೆ ಕೇಳಿತು, ಅಥವಾ ಉಸಿರು ಬಿಟ್ಟರೋ. "ನೋಡು, ಜಾಗ ಖಾಲಿ ಇಡೋಕಾಗಲ್ಲ. ಹುಬ್ಬಳ್ಳಿ ಹುಡುಗಿ ಒಬ್ಬಳಿದ್ದಾಳೆ, ಇವತ್ತೇ ಅವಳಿಗೆ ಹೇಳ್ತೀನಿ. ಮುಂದಿನ ವರ್ಷ ನಿನ್ನ ಕರೀತೀನಿ ಅಂತ ನಾನು ಹೇಳ್ತಾ ಇಲ್ಲ."

"ಕರೀರಿ ಅಂತ ನಾನೂ ಹೇಳವಲ್ಲೆರಿ. ನೀವು ಎಲ್ಲಿ ಟ್ರಯಲ್ ಇಡ್ತೀರೋ ಅಲ್ಲಿಗೆ ನಾನಽ ಬರ್ತೀನಿ."

ಫೋನನ್ನು ಕಟ್ಟೆಯ ಮೇಲಿಟ್ಟು ಅವಳು ಬಲ ಅರ್ಧಕ್ಕೆ ವಾಪಸು ಬಂದಳು. ನುಜ್ಹತ ಚೆಂಡನ್ನು ತೊಡೆಗೆ ಒರೆಸಿ ಅವಳತ್ತ ಉರುಳಿಸಿದಳು.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಸೂರ್ಯ ಮೇಲೆ ಬಂದ. ಬಿಸಿಲು ಎಡದಿಂದ ಸರಿಯುತ್ತ ಬಲ ಅರ್ಧಕ್ಕೂ ಬಂತು. ಚೆಂಡನ್ನು ಎತ್ತಿಕೊಳ್ಳಲು ಬಗ್ಗಿದ ದೇವಿಕಾ ಹಾಗೆಯೇ ನಿಂತಳು. ಕಾಲ ಕೆಳಗೆ ಹಳದಿ ಗೆರೆಗಳಿದ್ದವು. ಅವಳು ಕಾಲೇಜು ಸೇರಿದ ವರ್ಷ ಬಳಿದ ಬಣ್ಣ. ಎಡಗಡೆ ಅದೇ ಬಣ್ಣ ಆರು ಜನರ ಕಾಲಿಗೆ ಸವೆದು ಹೋಗಿ, ಗೆರೆ ಎಲ್ಲಿತ್ತು ಎಂಬುದನ್ನು ನೆನಪಿಟ್ಟುಕೊಂಡೇ ಆಡಬೇಕಾಗಿತ್ತು. ಇಲ್ಲಿ ಬುಟ್ಟಿಯ ಕಂಬದಿಂದ ಹೊರಟು ದೊಡ್ಡದಾಗಿ ಬಳಸಿ ಬರುವ ಕಮಾನು, ಅದರೊಳಗಿನ ಚೌಕ, ಚೌಕದ ಅಂಚಿನ ಗುರುತುಗಳು, ಎಲ್ಲ ನಿನ್ನೆ ಬಳಿದಷ್ಟು ಹೊಸದಾಗಿದ್ದವು. ಇವತ್ತಿನವರೆಗೆ ಅಲ್ಲಿ ಆಟದ ಒಂದು ಹೆಜ್ಜೆಯೂ ಬಿದ್ದಿರಲಿಲ್ಲ.

"ಏನ ನೋಡಾಕತ್ತಿ?" ಎಂದಳು ನುಜ್ಹತ, ಎಡಕ್ಕೆ ಸರಿದು ಎರಡೂ ಕೈ ಅಗಲಿಸುತ್ತ.

"ಏನಿಲ್ಲ. ಗಟ್ಟಿ ನಿಂದ್ರು."

ಬಲಗೈಯಲ್ಲಿ ಚೆಂಡು ಪುಟಿಸುತ್ತ ಅವಳು ಹಳದಿ ಗೆರೆಯ ಮೇಲೆ ಕಾಲಿಟ್ಟಳು.